ಸವಳು ಮಣ್ಣಿನ ಮಾಳಿಗೆಯ ಬಸಕ್ಕ

ಅಣ್ಣಿಗೇರಿಯಿಂದ ಒಳಗೆ, ಎರೆಹೊಲಗಳ ನಡುವೆ ಇರುವ ಒಂದು ಹಳ್ಳಿಗೆ ಶ್ರಾವಣದ ಪ್ರವಚನಕ್ಕೆಂದು ನಾನು ಬಹಳ ವರ್ಷಗಳಿಂದ ಹೋಗುತ್ತಿದ್ದೇನೆ. ಅಲ್ಲಿ ನನ್ನ ವಸತಿ, ಪ್ರಸಾದ ಎರಡೂ ಬೀರಲಿಂಗಪ್ಪನವರ ಮನೆಯಲ್ಲಿ. ಆ ಮನೆಯೊಡತಿ ಬಸಕ್ಕನವರ ಕೈಯ ಜೋಳದ ರೊಟ್ಟಿಯನ್ನು ದೇವರೇ ಬಡಿಸಿದನೆಂದು ತಿಳಿದು ಉಂಡವನು ನಾನು. ಅಂಥ ಮನೆಯಲ್ಲಿ ಈ ವರ್ಷ ಕಣ್ಣಾರೆ ಕಂಡದ್ದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಶಿವನಾಮ ನುಡಿಯುವ ನಾಲಿಗೆಯಿಂದ ಹೊಲಸು ಮಾತು ಬರಬಾರದು, ನಿಜ. ಆದರೆ ಹೊಲಸನ್ನು ಕಂಡು ಹೇಸದೆ ಸುಮ್ಮನಿರುವುದನ್ನು ಭಕ್ತಿಯೆಂದು ನಾನು ಒಪ್ಪಲಾರೆ. ಬಸಕ್ಕನವರ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತದ್ದೇ ಆ ಹೇಸಿಗೆಯಿಂದ.

ಬಸಕ್ಕನವರದು ಕುರಿ ಕಾಯ್ದ ಮನೆತನ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ತಮ್ಮ ಕೈಯಿಂದ ಮುಟ್ಟಿ ನೋಡದೆ ಅವರು ಏನನ್ನೂ ಒಪ್ಪುವವರಲ್ಲ. ಯಾರಾದರೂ ತಮ್ಮ ಎಮ್ಮೆ ಒದೆಯುತ್ತದೆ ಎಂದರೆ ತಾವೇ ಹೋಗಿ ಕೆಚ್ಚಲಿಗೆ ಕೈ ಹಾಕುತ್ತಾರೆ. ಅಂಗಡಿಯ ಬೆಲ್ಲದಲ್ಲಿ ಮರಳಿದೆ ಎಂದರೆ ಮೊದಲು ಒಂದು ತುಣುಕನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾರೆ, ಆಮೇಲೆ ಅಂಗಡಿಯವನನ್ನು ಬಯ್ಯುತ್ತಾರೆ. ನೋಡದೆ ಬಯ್ದದ್ದನ್ನು ನಾನು ಕೇಳಿಲ್ಲ.

ಊರಿನಲ್ಲಿ ಅವರಿಗೆ ಹೆಸರು ಬಂದದ್ದು ಮಾಳಿಗೆಯ ಕೆಲಸದಿಂದ. ಆ ಸೀಮೆಯ ಹಳೆಯ ಮನೆಗಳ ಮಾಳಿಗೆ ಮಣ್ಣಿನದು. ಮಳೆಗಾಲದ ಮುನ್ನ ಹಳ್ಳದ ದಂಡೆಯ ಸವಳು ಮಣ್ಣನ್ನು, ಎಂದರೆ ಉಪ್ಪಿನಂಶದ ಬಿಳಿಮಣ್ಣನ್ನು, ತಂದು ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ ಬಡಿಯುತ್ತಾರೆ. ಆ ಮಣ್ಣು ಒಂದಕ್ಕೊಂದು ಅಂಟಿಕೊಂಡು ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ಯಾವ ದಂಡೆಯ ಮಣ್ಣು ಒಳ್ಳೆಯದು, ಎಷ್ಟು ದಪ್ಪ ಹಾಕಬೇಕು, ಮೂಲೆಯಲ್ಲಿ ಹೇಗೆ ಬಡಿಯಬೇಕು ಎಂದು ಊರವರು ಬಸಕ್ಕನವರನ್ನೇ ಕೇಳುತ್ತಾರೆ.

ಕಳೆದ ಚಳಿಗಾಲದಲ್ಲಿ ಆ ಮಾಳಿಗೆಯ ಮೇಲೆ ಸೋಲಾರ್ ಬಂತು. ಊರಿನಲ್ಲಿ ಅದೇ ಮೊದಲನೆಯದು. ದಪ್ಪ ಗೋಡೆಗಳ ಮೇಲೆ ಸಿಮೆಂಟಿನ ದಿಮ್ಮಿಗಳನ್ನಿಟ್ಟು, ಕಬ್ಬಿಣದ ಕಾಲುಗಳನ್ನು ನಿಲ್ಲಿಸಿ, ಅದರ ಮೇಲೆ ಸೋಲಾರ್ ಪ್ಲೇಟುಗಳನ್ನು ಕೂರಿಸಿದರು. ಕೆಳಗೆ ಪಡಸಾಲೆಯ ಗೋಡೆಗೆ ಇನ್ವರ್ಟರ್ ಬಡಿದರು. ಬಿಸಿಲಿನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಮಾಡುವ ಪೆಟ್ಟಿಗೆ ಅದು. ಹಾರ ಹಾಕಿ, ಕಾಯಿ ಒಡೆದರು. ಅಂದಿನಿಂದ ಬೀರಲಿಂಗಪ್ಪನವರು ಬಂದವರನ್ನೆಲ್ಲ ಮೊದಲು ಆ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಹಸಿರು ದೀಪ ತೋರಿಸಿ, ಆಮೇಲೆ ನೀರು ಕೊಡಿಸುತ್ತಿದ್ದರಂತೆ.

ಕೂರಿಸಿದವನು ಯಾವುದೋ ಕಂಪನಿಯ ಮನುಷ್ಯ. ಅವನ ಹೆಸರು ಬರೆದು ಲೇಖನಿಯನ್ನು ಹೊಲಸು ಮಾಡಿಕೊಳ್ಳಲಾರೆ. ಪ್ಲೇಟುಗಳಿಂದ ಇಳಿದ ವೈರುಗಳನ್ನು ಅವನು ಪೈಪಿನೊಳಗೆ ಹಾಕಲಿಲ್ಲ. ಕುರಿ ಕೊಯ್ದವನು ಕರುಳನ್ನು ಒಗೆದಂತೆ ಮಾಳಿಗೆಯ ಮೇಲೆ ಹಾಗೆಯೇ ಒಗೆದು ಹೋದ. ವೈರಿನ ಉದ್ದ ಸಾಲದೆ ಹೋದ ಕಡೆ ಎರಡು ತುಂಡನ್ನು ಕೈಯಿಂದ ಹೊಸೆದು ಟೇಪು ಸುತ್ತಿದ. ಮಂಗಗಳು ಬಂದು ಅದನ್ನು ಜಗ್ಗುವುದನ್ನು ನೋಡಿ ಬಸಕ್ಕನವರಿಗೆ ಕಸಿವಿಸಿಯಾಯಿತು. ಮುಂಗಾರಿನ ಮುನ್ನ ಮಾಳಿಗೆಗೆ ಸವಳು ಮಣ್ಣು ಎಳೆದಾಗ, ಬಿಸಿಲಿಗೂ ಮಂಗಕ್ಕೂ ಸಿಗದಿರಲೆಂದು ಆ ವೈರನ್ನೂ ಮಣ್ಣಿನೊಳಗೆ ಮಲಗಿಸಿ, ಮೇಲೆ ಚೆನ್ನಾಗಿ ಬಡಿದು ಮುಚ್ಚಿದರು. ಮನೆಯನ್ನು ಕಾಯುವ ಮಣ್ಣು ವೈರನ್ನು ಕಾಯದೇ ಇರುತ್ತದೆಯೇ ಎಂಬುದು ಅವರ ನಂಬಿಕೆ.

ಮಳೆ ಹಿಡಿಯಿತು. ಇನ್ವರ್ಟರ್ ಬೆಳಗ್ಗೆ ಕೆಂಪು ದೀಪ ತೋರಿಸಿ ಮೊಂಡು ಹಿಡಿಯತೊಡಗಿತು. ಬಿಸಿಲು ಬಿದ್ದು ಮಾಳಿಗೆ ಆರಿದ ಮೇಲೆ ತಾನಾಗಿ ಹಸಿರಾಗುತ್ತಿತ್ತು. ಮೋಡವಿದ್ದ ದಿನ ಆಗುತ್ತಲೇ ಇರಲಿಲ್ಲ. ಆ ಯಂತ್ರದ ನಿಯಮ ಇಷ್ಟೇ ಎಂದು ಆಮೇಲೆ ನನಗೆ ತಿಳಿಯಿತು: ಪ್ರತಿ ಮುಂಜಾನೆ ಕೆಲಸಕ್ಕೆ ಇಳಿಯುವ ಮೊದಲು, ವೈರುಗಳಿಂದ ಕರೆಂಟು ಎಲ್ಲಿಯಾದರೂ ಭೂಮಿಗೆ ಸೋರುತ್ತಿದೆಯೇ ಎಂದು ಅದು ತಾನೇ ಪರೀಕ್ಷಿಸುತ್ತದೆ. ಸೋರಿಕೆ ಕಂಡರೆ ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ.

ಬೀರಲಿಂಗಪ್ಪನವರಿಗೆ ಆ ಕೆಂಪು ದೀಪ ಮನೆಯ ಮಾನ ಕಳೆಯುವ ವಸ್ತುವಾಗಿ ಕಂಡಿತು. ಕಂಪನಿಯ ಮನುಷ್ಯನನ್ನು ಕರೆಸಿದರು. ಅವನು ಬಾಯಿ ತುಂಬ ಗುಟಕಾ ತುಂಬಿಕೊಂಡು ಬಂದ, ಒಬ್ಬನೇ ಮಾಳಿಗೆ ಹತ್ತಿದ, ಸ್ವಲ್ಪ ಹೊತ್ತಿಗೆಲ್ಲ ಇಳಿದ. ಪೆಟ್ಟಿಗೆಯ ಕೆಳಗಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ದೀಪ ಹಸಿರಾಯಿತು. ಗಿರಮಿಟ್ಟು ತಿಂದು, ಚಹಾ ಕುಡಿದು, ಗೋಡೆಗೆ ಉಗುಳಿ ಹೋದ. ಅಂದಿನಿಂದ ಎಂಥ ಮಳೆಯಿದ್ದರೂ ಕೆಂಪು ದೀಪ ಹತ್ತಲಿಲ್ಲ.

ಆ ಮನೆಯ ಸೊಸೆ ಸುನೀತಾ, ಕಲಘಟಗಿ ಕಡೆಯ ಬಮ್ಮಿಗಟ್ಟಿಯ ಹುಡುಗಿ. ಹಂಚಿನ ಮನೆಯಲ್ಲಿ ಬೆಳೆದವಳು. ಮಣ್ಣಿನ ಮಾಳಿಗೆಯ ಮೇಲೆ ನಡೆಯುವುದನ್ನೂ ಅತ್ತೆಯೇ ಕಲಿಸಿದ್ದರು. ಗಂಡ ಹನುಮೇಶ ಟೆಂಪೋ ಓಡಿಸುತ್ತಾನೆ, ನಸುಕಿನಲ್ಲೇ ಹುಬ್ಬಳ್ಳಿಯ ದಾರಿ ಹಿಡಿಯುತ್ತಾನೆ. ಬಟ್ಟೆ ಒಣಹಾಕಲು ಮಾಳಿಗೆಯ ಮೇಲೆ ಒಂದು ಕಬ್ಬಿಣದ ತಂತಿ ಕಟ್ಟಿದ್ದರು. ಅದರ ಒಂದು ತುದಿ ಸೋಲಾರಿನ ಕಬ್ಬಿಣದ ಕಾಲಿಗೇ ಇತ್ತು. ಒಂದು ಜಿಟಿಜಿಟಿ ಮುಂಜಾನೆ, ಮಳೆ ನಿಂತಿತೆಂದು ಸುನೀತಾ ಹಸಿ ಸೀರೆಯನ್ನು ತಂತಿಗೆ ಹಾಕಿದಳು. ಅಂಗಾಲಿನಿಂದ ಭುಜದವರೆಗೆ ಜುಮ್ಮೆಂದು ಹಿಂದಕ್ಕೆ ಬಿದ್ದಳು.

ಕೆಳಗೆ ಬಂದು ಮಾವನಿಗೆ ಹೇಳಿದಳು. ಬೀರಲಿಂಗಪ್ಪನವರು ಹಸಿರು ದೀಪ ತೋರಿಸಿದರು. ಮತ್ತೊಂದು ಮುಂಜಾನೆಯೂ ಹಾಗೆಯೇ ಆದಾಗ, ಅವಳ ಎದುರಿಗೇ ಕಂಪನಿಯ ಮನುಷ್ಯನಿಗೆ ಫೋನು ಹಚ್ಚಿ, ಪಡಸಾಲೆಯಲ್ಲಿದ್ದವರಿಗೆಲ್ಲ ಕೇಳುವಂತೆ ಇಟ್ಟರು.

“ಸೋರಿಕೆ ಇದ್ರ ಮಶೀನ ಕೆಂಪ ತೋರಸ್ತೈತ್ರಿ ಕಾಕಾ,” ಎಂದಿತು ಆ ಧ್ವನಿ. “ಹಸರ ಐತಿ ಅಂದ್ರ ಏನೂ ಇಲ್ಲ. ಹೊಸಾ ಸೊಸಿ ಅದಾಳ, ಅರಬಿ ಒಗದು ಬ್ಯಾಸರ ಆಗಿರಬೇಕು.”

ಅವನು ನಕ್ಕ. ಪಡಸಾಲೆಯಲ್ಲಿ ಕುಳಿತವರೂ ನಕ್ಕರು. ಆ ನಗೆಯನ್ನು ನಾನು ಕೇಳಲಿಲ್ಲ, ಆದರೆ ಬಸಕ್ಕನವರು ವಿವರಿಸಿದಾಗ ನನ್ನ ಮೈಮೇಲೆ ಹುಳು ಹರಿದಂತಾಯಿತು. ತಾನೇ ಬಾಯಿ ಮುಚ್ಚಿಸಿದ ಯಂತ್ರವನ್ನು ಸಾಕ್ಷಿಗೆ ಕರೆದು, ಮಗಳ ವಯಸ್ಸಿನ ಹೆಣ್ಣಿನ ಮಾತನ್ನು ಸುಳ್ಳು ಮಾಡಿ, ಅದರ ಮೇಲೆ ನಗುವುದು! ಕೊಳೆತ ಹೆಣಕ್ಕಾದರೂ ನೆಲದೊಳಗೆ ಜಾಗವಿದೆ. ಇಂಥ ನಗೆಯನ್ನು ಎಲ್ಲಿ ಹೂಳಬೇಕು?

ಬಸಕ್ಕನವರು ತಮ್ಮ ಪದ್ಧತಿಯಂತೆ ತಾವೇ ನೋಡಲು ಹೋದರು. ಆದರೆ ಹೋದದ್ದು ಸುಡುವ ಮಧ್ಯಾಹ್ನ, ಮಾಳಿಗೆ ಕಟಕಟ ಒಣಗಿದ್ದಾಗ, ಕಾಲಲ್ಲಿ ರಬ್ಬರಿನ ಚಪ್ಪಲಿ. ತಂತಿಯನ್ನು ಮುಟ್ಟಿದರು, ಏನೂ ಆಗಲಿಲ್ಲ. ಇಳಿದು ಬಂದು ಸೊಸೆಗೆ, ಏನೂ ಇಲ್ಲವಲ್ಲವಾ, ಅಂದುಬಿಟ್ಟರು. ಸುನೀತಾ ಅಂದಿನಿಂದ ಮಾಳಿಗೆ ಹತ್ತುವುದನ್ನು ಬಿಟ್ಟಳು, ಅತ್ತೆಯ ಹತ್ತಿರ ಮಾತನ್ನೂ ಬಿಟ್ಟಳು. ಬೀರಲಿಂಗಪ್ಪನವರು ಬಸ್ ನಿಲ್ಲುವ ಕಟ್ಟೆಯ ಮೇಲೆ ಕುಳಿತು, ಹತ್ತು ಜನರ ಎದುರಿಗೆ, ನಮ್ಮ ಸೊಸೆ ಮೈಗಳ್ಳಿ, ಸುಳ್ಳು ಹೇಳುತ್ತಾಳೆ ಎಂದರು. ಬಮ್ಮಿಗಟ್ಟಿಗೆ ಫೋನು ಮಾಡಿ ಅವಳ ತಂದೆ ಮಾಳಿಂಗರಾಯನವರಿಗೆ, ಮಗಳನ್ನು ಕರೆದೊಯ್ಯಿರಿ, ಖರೆ ಮಾತಾಡುವುದನ್ನು ಕಲಿಸಿ ಕಳಿಸಿರಿ ಎಂದೂ ಹೇಳಿದರು. ಹನುಮೇಶ ನೆಲ ನೋಡುತ್ತ ನಿಂತಿದ್ದನಂತೆ.

ನಾನು ಆ ಮನೆಗೆ ಹೋದದ್ದು ಈ ಹೊತ್ತಿನಲ್ಲಿ. ಶ್ರಾವಣ ಹುಟ್ಟಿತ್ತು, ಪಂಚಮಿ ಹತ್ತಿರ ಬಂದಿತ್ತು. ಎಲ್ಲ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಬರುವ ಸಂಭ್ರಮ. ಈ ಮನೆಗೆ ಮಾತ್ರ ಬೀಗರು ಸುಳ್ಳಿಯೆನಿಸಿಕೊಂಡ ಮಗಳನ್ನು ಒಯ್ಯಲು ಬರುವವರಿದ್ದರು. ಒಮ್ಮೆ ಹಾಗೆ ಹೋದವಳು ಎಂದು ಮರಳಬೇಕು, ಯಾವ ಮುಖದಿಂದ ಮರಳಬೇಕು? ನಾನು ಉಣ್ಣುತ್ತಿದ್ದಾಗ ಬಸಕ್ಕನವರು ಎಲ್ಲವನ್ನೂ ಹೇಳಿದರು. ಒಲೆಯ ಮುಂದೆ ಕುಳಿತಿದ್ದ ಸುನೀತಾ ತಲೆಯೆತ್ತದೆ ಒಂದೇ ಮಾತು ಆಡಿದಳು.

“ಒಣಾ ಇದ್ದಾಗ ಕರೆಂಟ ಹತ್ತತೈತಿ ಅಂತ ನಾ ಅಂದೇ ಇಲ್ಲರಿ ಅತ್ತಿ. ಹಸಿ ಇದ್ದಾಗ ಹೋಗಿ ನೋಡ್ರಿ.”

ಮರುದಿನ ಮುಂಜಾನೆ ತುಂತುರು ಬಿದ್ದು ನಿಂತಿತ್ತು. ನಾನು ಅಂಗಳದಲ್ಲಿ ಪೂಜೆ ಮುಗಿಸಿ ಏಳುತ್ತಿದ್ದೆ. ಬಸಕ್ಕನವರು ಬರಿಗಾಲಿನಲ್ಲಿ ಏಣಿ ಹತ್ತುವುದು ಕಂಡಿತು. ಪಂಪ್‌ಸೆಟ್ಟಿನ ಮೋಟರಿನಲ್ಲಿ ಕರೆಂಟು ಇಳಿದಿದೆಯೇ ಎಂದು ನೋಡಲು ನಮ್ಮ ರೈತರು ಅಂಗೈಯನ್ನು ಬಿಟ್ಟು ಕೈಯ ಹಿಂಭಾಗವನ್ನು ತಾಗಿಸುತ್ತಾರೆ. ಕೈ ಹಿಡಿದುಕೊಳ್ಳದೆ ಹಿಂದಕ್ಕೆ ಸಿಡಿಯಲಿ ಎಂದು. ಬಸಕ್ಕನವರೂ ಬಟ್ಟೆಯ ತಂತಿಗೆ ಹಾಗೆಯೇ ಕೈ ತಾಗಿಸಿದರು. ಓದುವ ತಾಯಂದಿರು ಯಾರೂ ಹೀಗೆ ಮಾಡಬೇಡಿರಿ. ದೇವರು ಉಳಿಸಿದ ಎಂಬುದೊಂದೇ ಅಲ್ಲಿ ಆದ ಒಳ್ಳೆಯದು. ಮಾಳಿಗೆಯ ಮೇಲೆ ಧೊಪ್ಪನೆ ಸಪ್ಪಳವಾಯಿತು. ನಾನು ಏಣಿಯ ಬುಡಕ್ಕೆ ಓಡುವಷ್ಟರಲ್ಲಿ ಅವರು ಎದ್ದು ಕುಳಿತಿದ್ದರು. ಇಳಿದು ನೇರವಾಗಿ ಪಡಸಾಲೆಗೆ ನಡೆದರು.

“ಅಕಿ ಹೇಳಿದ್ದ ಖರೇ ಐತಿ,” ಎಂದರು ಗಂಡನಿಗೆ.

ಬೀರಲಿಂಗಪ್ಪನವರು ಹೆಂಡತಿಯನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. “ಹಸರ ಐತಲ್ಲ,” ಎಂದರು.

“ಹಸರ ಐತಿ. ನನ್ನ ಕೈ ನಡಗಾಕತ್ತೈತಿ. ಯಾವದನ್ನ ನಂಬತೀರಿ?”

ಅವರು ಹೆಗಲ ಮೇಲಿನ ವಸ್ತ್ರದಿಂದ ಆ ಪೆಟ್ಟಿಗೆಯ ಧೂಳು ಒರೆಸಿದರು. ನನಗೆ ಆ ಒಳ್ಳೆಯ ಮನುಷ್ಯನ ಮೇಲೂ ಆ ಕ್ಷಣ ಅಸಹ್ಯ ಹುಟ್ಟಿತು, ಮುಚ್ಚಿಡುವುದೇಕೆ.

ಬಸಕ್ಕನವರು ನನ್ನ ಫೋನಿನಿಂದ ಅಣ್ಣಿಗೇರಿಯ ಅಕೀಲನನ್ನು ಕರೆಸಿದರು. ಅವನು ನೇಕಾರರ ಮನೆತನದ ಯುವಕ, ಐಟಿಐ ಕಲಿತು ಎಲೆಕ್ಟ್ರಿಕ್ ಕೆಲಸಕ್ಕೆ ಇಳಿದವನು, ಬಾಯಿ ಬಹಳ ಜೋರು. ಅವನು ಬರುವನೆಂದು ತಿಳಿದ ಬೀರಲಿಂಗಪ್ಪನವರು ಕಂಪನಿಯ ಮನುಷ್ಯನನ್ನೂ ಕರೆಸಿದರು. ಅಕೀಲ ಮೊದಲು ಬಂದ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ತಾನು ಹೇಳುವವರೆಗೆ ಯಾರೂ ಮಾಳಿಗೆಯ ಮೇಲೆ ಕಾಲಿಡಬಾರದೆಂದು ಎಚ್ಚರಿಸಿ, ಇನ್ವರ್ಟರಿನ ಮುಂದೆ ಬಗ್ಗಿದ.

ಪೆಟ್ಟಿಗೆಯ ತಳದಲ್ಲಿ ವೈರು ಒಳಹೋಗುವ ಒಂದು ತೂತಿಗೆ ಬಿಗಿಮುಚ್ಚಳವೇ ಇರಲಿಲ್ಲ. ಅದರೊಳಗೆ ಗುಟಕಾದ ಖಾಲಿ ಚೀಟುಗಳನ್ನು ಮಡಚಿ ತುರುಕಿದ್ದ ಕಂಪನಿಯ ಆ ಮನುಷ್ಯ. ಅದರ ಕೆಳಗೆ ಗೋಡೆಯ ಮೇಲೆ ಕೆಂಪು ಉಗುಳು ಇಳಿದು ಒಣಗಿತ್ತು; ಆ ಗೋಡೆಯ ಆಚೆ ಬದಿಗೇ ದೇವರ ಜಗಲಿ. ಮುಚ್ಚಳ ಬಿಚ್ಚಿದೊಡನೆ ಒಂದು ಹಳಸು ನಾತ ಹೊರಬಿತ್ತು. ಒಳಗೆ ಸತ್ತು ಕರಕಲಾದ ಹಲ್ಲಿ, ಅದರ ಮೇಲೆ ಇರುವೆ, ಮೂಲೆಯಲ್ಲಿ ಜಿರಲೆಯ ತತ್ತಿ. ನಾನು ಮೂಗಿಗೆ ಉತ್ತರೀಯ ಹಿಡಿದು ಹಿಂದೆ ಸರಿದೆ. ಈ ಪೆಟ್ಟಿಗೆಗೆ ನಿತ್ಯ ಕುಂಕುಮ ಹಚ್ಚುತ್ತಿದ್ದರು ಆ ಮನೆಯವರು.

ಬಳಿಕ ಅಕೀಲ ಕೈಗೆ ರಬ್ಬರಿನ ಗವಸು ಹಾಕಿಕೊಂಡು ಮಾಳಿಗೆ ಹತ್ತಿ, ಪ್ಲೇಟುಗಳಿಂದ ಬರುವ ವೈರಿನ ಜೋಡಣೆಯನ್ನು ಬಿಡಿಸಿ, ನಮ್ಮನ್ನು ಕರೆದ. ಕಬ್ಬಿಣದ ಕಾಲಿನಿಂದ ಭೂಮಿಗೆ ಇಳಿಯುವ ಅರ್ಥಿಂಗ್ ವೈರು ಅರ್ಧದಲ್ಲೇ ನಿಂತಿತ್ತು. ತುದಿಯನ್ನು ಮಡಚಿ, ಟೇಪು ಸುತ್ತಿ, ಕಾಣದಂತೆ ದಿಮ್ಮಿಯ ಹಿಂದೆ ಸಿಗಿಸಿದ್ದರು.

“ಹರದದ್ದಲ್ಲರಿ ಕಾಕಾ, ಇಕ್ಕಳ ಹಚ್ಚಿ ಕತ್ತರಿಸಿದ್ದು,” ಎಂದ ಅಕೀಲ ಬೀರಲಿಂಗಪ್ಪನವರಿಗೆ. “ಭೂಮಿಗೆ ಹೋಗೂ ದಾರೀನ ತಗದ್ರ ಸೋರಿಕೆ ಮಶೀನಿಗೆ ತಿಳಿಯೂದಿಲ್ಲ. ಆದ್ರ ಕರೆಂಟ ಎಲ್ಲಿ ಹೋಗ್ತೈತಿ? ಈ ಕಬ್ಬಣದಾಗ ಕುಂತಿರ್ತೈತಿ, ಯಾರರ ಮುಟ್ಟೂತನಕ. ನಾಯಿ ಬೊಗಳ್ತೈತಿ ಅಂತ ನಾಯಿ ಬಾಯಿ ಕಟ್ಯಾರ್ರಿ. ಕಳ್ಳ ಮನ್ಯಾಗ ಅದಾನ.”

ಇನ್ನು ಸೋರಿಕೆ ಎಲ್ಲಿಂದ ಎಂಬ ಪ್ರಶ್ನೆ. ಅಕೀಲ ಒಂದೊಂದೇ ವೈರಿಗೆ ಮೀಟರು ಹಚ್ಚಿ ಅಳೆಯುತ್ತ ಬಂದ. ಒಂದು ಸರಿಯಿತ್ತು, ಇನ್ನೊಂದು ಕೆಟ್ಟಿತ್ತು. ಕೆಟ್ಟದ್ದನ್ನು ಹಿಡಿದು ನಡೆದರೆ ಅದು ಮಣ್ಣಿನೊಳಗೆ ಮಾಯವಾಗಿತ್ತು. ಆ ಹೊತ್ತಿಗೆ ಕಂಪನಿಯ ಮನುಷ್ಯನೂ ಬಂದು ಏಣಿಯ ಮೇಲೆ ನಿಂತಿದ್ದ. ಇದನ್ನು ಹೂಳಿದವರು ಯಾರು ಎಂದು ಅಕೀಲ ಕೇಳಿದ.

ಬಸಕ್ಕನವರ ಮುಖದ ಬಣ್ಣವೇ ಹೋಯಿತು. ಸುಮ್ಮನಿದ್ದರೆ ತಪ್ಪೆಲ್ಲ ಏಣಿಯ ಮೇಲಿನವನ ಪಾಲಿಗೆ ಹೋಗುತ್ತಿತ್ತು. ಬಾಯಿ ಬಿಟ್ಟರೆ ಅವನು ನುಸುಳಿಕೊಳ್ಳುತ್ತಿದ್ದ, ಗಂಡನಿಗೂ ಒಂದು ನೆಪ ಸಿಗುತ್ತಿತ್ತು, ಸುನೀತಾಳ ಮಾತು ಮತ್ತೆ ಗದ್ದಲದಲ್ಲಿ ಮುಳುಗುತ್ತಿತ್ತು. ನಾನು ಮನಸ್ಸಿನಲ್ಲೇ, ತಾಯಿ, ಈಗ ಸುಮ್ಮನಿರು ಎಂದೆ. ಅವರು ಸುಮ್ಮನಿರಲಿಲ್ಲ.

“ನಾನ ಹೂಳೇನಪ್ಪ,” ಎಂದರು.

ಕಳೆ ತೆಗೆಯುವ ಕುರ್ಚಿಗಿ ತಂದು ತಾವೇ ಮಣ್ಣು ಕೆದರಿದರು. ಕಬ್ಬಿಣದ ಕಾಲಿನ ಬುಡದಲ್ಲೇ ಆ ಕೈಹೊಸೆತದ ಗಂಟು ಸಿಕ್ಕಿತು. ಟೇಪು ಕೊಳೆತು ಲೋಳೆಯಾಗಿತ್ತು. ತಾಮ್ರ ಹಸಿರುಗಪ್ಪಾಗಿ, ಅದರ ಸುತ್ತ ಸವಳಿನ ಬಿಳಿ ಹಕ್ಕಳೆ ಕಟ್ಟಿ, ಕೀವು ತುಂಬಿದ ಹುಣ್ಣಿನಂತೆ ಕಾಣುತ್ತಿತ್ತು. ಉಪ್ಪುಮಣ್ಣು ನೀರು ಕುಡಿದಾಗಲೆಲ್ಲ ಕರೆಂಟು ಆ ಗಂಟಿನಿಂದ ಮಣ್ಣಿಗೆ, ಮಣ್ಣಿನಿಂದ ಕಬ್ಬಿಣದ ಕಾಲಿಗೆ, ಕಾಲಿನಿಂದ ಬಟ್ಟೆಯ ತಂತಿಗೆ ಹರಿಯುತ್ತಿತ್ತು.

ಏಣಿಯ ಮೇಲಿನವನಿಗೆ ಜೀವ ಬಂತು. ಮುದುಕಿ ಮಣ್ಣು ಹಾಕಿದರೆ ಕಂಪನಿ ಏನು ಮಾಡಬೇಕು ಎಂದು ಹಲ್ಲು ತೋರಿಸಿದ.

ಬಸಕ್ಕನವರು ಮಣ್ಣಿನ ಕೈಯಲ್ಲೇ ಅವನ ಕಡೆ ತಿರುಗಿದರು. “ಮಣ್ಣ ಹಾಕಿದ್ದು ನಂದ ತಪ್ಪ. ತಿಳೀಲಾರದ ಹಾಕೀನಿ. ಮಶೀನ ಅದನ್ನ ದಿನಾ ಮುಂಜಾನಿ ಹೇಳತಿತ್ತು. ನೀ ತಿಳದೂ ತಿಳದೂ ಅದರ ಬಾಯಿ ಮುಚ್ಚಿಸಿದಿ. ಆಮ್ಯಾಲ ನನ್ನ ಸೊಸೀನ ಸುಳ್ಳಿ ಅಂದಿ.”

ಅವನಿಗೆ ನಾಚಿಕೆಯಾಗಲಿಲ್ಲ. ಮಂದಿಗೆ ಬೇಕಾದದ್ದು ಹಸಿರು ದೀಪ, ತಾನು ಹಸಿರು ದೀಪ ಕೊಡುತ್ತೇನೆ, ಎಲ್ಲ ಊರಲ್ಲೂ ಹೀಗೆಯೇ ನಡೆದಿದೆ ಎಂದ. ಮತ್ತೊಂದು ಚೀಟು ಹರಿದು ಬಾಯಿಗೆ ಸುರಿದುಕೊಂಡ. ಬೀರಲಿಂಗಪ್ಪನವರು, ರೂಢಿಯಿಂದಲೋ ಏನೋ, ಅವನಿಗೆ ಚಹಾ ಮಾಡಲು ಒಳಗೆ ಕೂಗಿ ಹೇಳಿದರು. ಒಳಗಿನಿಂದ ಚಹಾ ಬರಲಿಲ್ಲ. ಅವನು ಗಾಡಿ ಹತ್ತಿ ಹೋದ. ಅವನು ಆಡಿದ್ದರಲ್ಲಿ ಒಂದು ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ: ಮಂದಿಗೆ ಬೇಕಾದದ್ದು ಹಸಿರು ದೀಪ. ಒಳಗೆ ಹಲ್ಲಿ ಕೊಳೆಯುತ್ತಿರಲಿ, ಸೊಸೆ ಬಿದ್ದು ಸಾಯಲಿ, ಹೊರಗೆ ಬಂದವರಿಗೆ ತೋರಿಸಲು ಹಸಿರು ಬೇಕು. ಹಣೆಯ ಮೇಲೆ ವಿಭೂತಿ ಬಳಿದುಕೊಂಡು ಒಳಗೆ ಹೊಲಸು ಸಾಕುವ ನಾವು ಅವನಂಥವರನ್ನು ಕರೆಕರೆದು ಚಹಾ ಕೊಡುತ್ತಿದ್ದೇವೆ.

ಅಕೀಲ ಸಂಜೆಯವರೆಗೆ ದುಡಿದ. ಕೊಳೆತ ಭಾಗ ತೆಗೆದು ಹೊಸ ವೈರು, ಸರಿಯಾದ ಕನೆಕ್ಟರ್ ಹಾಕಿ, ಪೈಪಿನೊಳಗೆ ತೂರಿಸಿ, ಮಣ್ಣಿಗೆ ತಾಗದಂತೆ ಕಲ್ಲುಗಳ ಮೇಲೆ ಎತ್ತಿ ಕಟ್ಟಿದ. ಅರ್ಥಿಂಗ್ ಜೋಡಿಸಿದ. ಪೆಟ್ಟಿಗೆ ತೊಳೆದಷ್ಟು ಚೊಕ್ಕಟ ಮಾಡಿ ತೂತು ಮುಚ್ಚಿದ. ಬಟ್ಟೆಯ ತಂತಿಯನ್ನು ಕಿತ್ತು, ಅಂಗಳದಲ್ಲಿ ಎರಡು ಕಟ್ಟಿಗೆಯ ಗೂಟಗಳಿಗೆ ನೂಲಿನ ಹಗ್ಗ ಕಟ್ಟಿಸಿದ. ಮರುದಿನ ಬೆಳಗ್ಗೆ ತುಂತುರಿನಲ್ಲೇ ಯಂತ್ರ ತಾನಾಗಿ ಎದ್ದಿತು.

ಮಾಳಿಂಗರಾಯನವರು ಬಂದದ್ದು ಅದೇ ದಿನ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ. ಪಡಸಾಲೆಯಲ್ಲಿ ಕಳ್ಳನಂತೆ ಮುದುಡಿ ಕುಳಿತರು ಆ ಹಿರಿಯರು. ಬೀರಲಿಂಗಪ್ಪನವರು ಮಳೆಯ ಮಾತಾಡಿದರು, ಭತ್ತದ ನಾಟಿ ಕೇಳಿದರು, ಕಂಪನಿಯವನನ್ನು ಬೇಕಾದಷ್ಟು ಬಯ್ದರು. ಕೊನೆಗೆ, ಏನೋ ಆತು ಬೀಗರ, ಮನಸಿಗೆ ಹಚ್ಕೋಬ್ಯಾಡ್ರಿ ಎಂದರು.

“ಬೀಗರ ಮುಂದ ಅಲ್ಲ,” ಎಂದರು ಬಾಗಿಲಲ್ಲಿ ನಿಂತಿದ್ದ ಬಸಕ್ಕನವರು. “ಅಕಿನ್ನ ಸುಳ್ಳಿ ಅಂದದ್ದು ಕಟ್ಟಿ ಮ್ಯಾಲ. ಖರೇ ಅನ್ನೂದೂ ಅಲ್ಲೇ ಆಗಬೇಕು. ನಾ ಒಣಾ ಮಾಳಗಿ ಮುಟ್ಟಿ ಬಂದು ಏನೂ ಇಲ್ಲ ಅಂದಾಕಿ. ನನ್ನ ತಪ್ಪ ನಾ ಅಕಿ ಮುಂದ ಹೇಳಿ ಮುಗಸೇನಿ.”

ಸುನೀತಾ ಒಳಗಿನಿಂದ ಚೀಲ ಹಿಡಿದು ಬಂದಳು. ಮಾಳಿಂಗರಾಯನವರು ಎದ್ದು ನಿಂತು, ಇನ್ನು ಹೋಗುವ ಕಾರಣವೇನಿದೆ ಮಗಳೇ, ಎಂದು ತೊದಲಿದರು.

“ಪಂಚಮಿಗೆ ಹೊಂಟೇನ್ರಿ ಅಪ್ಪಾ,” ಎಂದಳು. ಮಾವನ ಕಡೆ ನೋಡಿ, “ನೀವು ಕಳಸೂದಲ್ಲರಿ ಮಾವಾರ, ನಾನ ಹೊಂಟೇನಿ,” ಎಂದಳು. ಬಸಕ್ಕನವರು ಪಂಚಮಿಯ ಸಿಹಿ ಉಂಡಿಗಳ ಗಂಟನ್ನು ಅವಳ ಚೀಲದಲ್ಲಿ ಇಟ್ಟು, ಅವಳ ತಲೆಯ ಮೇಲೆ ಕೈಯಾಡಿಸಿದರು. ಸುನೀತಾ ಆ ಕೈಯನ್ನು ಸರಿಸಲಿಲ್ಲ.

ಬೀರಲಿಂಗಪ್ಪನವರು ಚೀಲವನ್ನು ತಾವೇ ತೆಗೆದುಕೊಂಡು ಮುಂದೆ ನಡೆದರು. ನಾನೂ ಹಿಂದೆ ಹೋದೆ. ಕಟ್ಟೆಯ ಮೇಲೆ ಎಂದಿನ ಜನ ಕುಳಿತಿದ್ದರು. ಅವರ ಎದುರಿಗೆ ನಿಂತು ಬಹಳ ಹೊತ್ತು ಕೆಮ್ಮಿದರು. “ನಮ್ಮ ಸೊಸಿ ಹೇಳಿದ್ದ ಖರೇ ಇತ್ತು. ಸುಳ್ಳ ಅಂದಾವ ನಾನು,” ಎಂದರು. ಒಬ್ಬ ಮುದುಕನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದರು.

ಬಸ್ಸು ಬಂದು ನಿಂತಿತು. ಆಗ ಕಟ್ಟೆಯ ಮೂಲೆಯಲ್ಲಿದ್ದ ಒಬ್ಬ, ಮೊನ್ನೆಯಷ್ಟೇ ತನ್ನ ಮನೆಗೂ ಸೋಲಾರ್ ಹಾಕಿಸಿದವನು, ಎಲ್ಲವನ್ನೂ ಕೇಳಿದ ಮೇಲೆಯೂ, ಆ ಕಂಪನಿಯವನ ನಂಬರ್ ಇದೆಯೇ, ನಮ್ಮ ಮಶೀನೂ ಕೆಂಪಾಗಿದೆ ಎಂದು ಕೇಳಿದ.

“ಐತಿ,” ಎಂದರು ಬೀರಲಿಂಗಪ್ಪನವರು. “ಕೊಡೂದಿಲ್ಲ.”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಸುನೀತಾ ತಿರುಗಿ ಮಾವನನ್ನು ನೋಡಿದಳು. ಕೈ ಚಾಚಿ ಚೀಲವನ್ನು ಇಸಿದುಕೊಂಡು, ಪಂಚಮಿ ಮುಗಿಸಿ ಬರುತ್ತೇನೆಂದು ಹೇಳಿ ಒಳಗೆ ಹೋದಳು.